ಅಜ್ಜಾರನ್ನು ಕಂಡವರು
ಯಳವತ್ತಿಯ ಕಟ್ಟೆಯ ಮೇಲೆ ಗದಗಿನ ಮಾತು ಬಂದರೆ ಸಂತೆಯ ದರದಲ್ಲಿ ಶುರುವಾದದ್ದೂ ಪುಟ್ಟರಾಜ ಗವಾಯಿಗಳಲ್ಲಿ ಬಂದು ನಿಲ್ಲುತ್ತದೆ. "ಅಜ್ಜಾರ ಪೇಟಿ ಕೇಳೀಯೇನೋ ತಮ್ಮಾ?" ಎಂದು ಹಿರಿಯರೊಬ್ಬರು ಕೇಳಿದರೆ ಸಾಕು, ಉಳಿದವರೆಲ್ಲ ಹತ್ತಿರ ಸರಿದು ಕೂಡುತ್ತಾರೆ. ಕೇಳಿದ್ದು ಯಾವ ವರ್ಷವೆಂದು ಅವರಿಗೆ ನೆನಪಿರುವುದಿಲ್ಲ. ಆ ಸಲ ಮುಂಗಾರು ಹೇಗಿತ್ತು, ಹೆಗಲ ಮೇಲೆ ಯಾವ ಮಗು ಇತ್ತು ಎಂಬುದು ಮಾತ್ರ ಸ್ಪಷ್ಟ. ಕಣ್ಣಿಲ್ಲದ ಆ ಹಿರಿಯ ಜೀವ ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಯಾವುದನ್ನು ಮುಟ್ಟಿದರೂ ಅದು ನುಡಿಯುತ್ತಿತ್ತು. 1944ರಲ್ಲಿ ಗುರು ಪಂಚಾಕ್ಷರ ಗವಾಯಿಗಳು ಅಗಲಿದ ಮೇಲೆ ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ಮಕ್ಕಳ ಅನ್ನ, ವಿದ್ಯೆ ಇವರ ಹೆಗಲಿಗೆ ಬಿತ್ತು. ನಾಟಕ ಕಂಪನಿ ನಡೆಸಿದ್ದು, ಊರೂರಿನಲ್ಲಿ ತುಲಾಭಾರಕ್ಕೆ ಕೂತದ್ದು ಆ ಮಕ್ಕಳಿಗಾಗಿ. ತಕ್ಕಡಿಗೆ ತಮ್ಮದೊಂದು ನಾಣ್ಯ ಹಾಕಿದವರು ಅದನ್ನು ಇಂದಿಗೂ ಪುಣ್ಯವೆಂದೇ ನೆನೆಯುತ್ತಾರೆ, ನನಗೂ ಹಾಗೆಯೇ ಅನ್ನಿಸುತ್ತದೆ. 2010ರ ಸೆಪ್ಟೆಂಬರ್ 17ರಂದು ಅಜ್ಜಾರು ಹೋದರು. ಅವರಿಂದ ಕೇಳಿದ ರಾಗದ ಹೆಸರು ಗೊತ್ತಿಲ್ಲದವರೂ ಮಾತಿನ ನಡುವೆ ಕೈಯೆತ್ತಿ, ಪೇಟಿಯ ಮೇಲೆ ಓಡಿದ ಆ ಬೆರಳುಗಳನ್ನು ಗಾಳಿಯಲ್ಲಿ ಆಡಿಸಿ ತೋರಿಸುತ್ತಾರೆ.