ನಿಂತ ಗಾಡಿ ಹೊರಡಬೇಕಾದರೆ

ತೆಂಗಿನಕಾಯಿ ತುಂಬಿದ ಎತ್ತಿನಗಾಡಿ ತೋಟದಿಂದ ಹೊರಡುವುದನ್ನು ಹಂದನಕೆರೆಯ ಮಕ್ಕಳು ಬಲ್ಲರು. ಮೊದಲ ಹೆಜ್ಜೆಗೆ ಎತ್ತುಗಳು ಕತ್ತು ಬಗ್ಗಿಸಿ ಜಗ್ಗಬೇಕು, ಹಿಂದಿನಿಂದ ಇಬ್ಬರು ಚಕ್ರಕ್ಕೆ ಕೈ ಕೊಡಬೇಕು. ಉರುಳತೊಡಗಿದ ಮೇಲೆ ಅಷ್ಟು ಬಲ ಬೇಕಿಲ್ಲ. ನಿಂತದ್ದು ನಿಂತೇ ಇರುವ ಗುಣಕ್ಕೆ ವಿಜ್ಞಾನದಲ್ಲಿ ಜಡತ್ವ ಎಂದು ಹೆಸರು. ಜೊತೆಗೆ ಘರ್ಷಣೆಯೂ ಸೇರುತ್ತದೆ. ಕಚೇರಿಗಳಿಗೂ ಇಂಥದೇ ಜಡತ್ವ ಉಂಟು!

ಪಹಣಿಯ ಕಥೆಯನ್ನೇ ನೋಡಿ. ಜಮೀನು ಯಾರದು, ಎಷ್ಟು ಎಕರೆ, ಬೆಳೆ ತೆಂಗೋ ರಾಗಿಯೋ, ಸಾಲವಿದೆಯೇ ಎಂಬುದನ್ನೆಲ್ಲ ಹೇಳುವ ಪತ್ರ ಅದು. ವಂಶಪಾರಂಪರ್ಯ ಶಾನುಭೋಗಿಕೆಯನ್ನು 1961ರ ಕಾಯಿದೆ ತೆಗೆದುಹಾಕಿದ ಮೇಲೆ ಪಹಣಿ ಪುಸ್ತಕ ಗ್ರಾಮಲೆಕ್ಕಿಗರ ಕೈಗೆ ಬಂತು. ಅವರು ಸಿಕ್ಕರೆ ಪಹಣಿ, ಇಲ್ಲವಾದರೆ ಅಲೆದಾಟ. ಕೆಲವೆಡೆ ಕೈ ಬೆಚ್ಚಗೆ ಮಾಡದೆ ಕೆಲಸ ಆಗುತ್ತಿರಲಿಲ್ಲ.

1990ರ ದಶಕದ ಆರಂಭದಲ್ಲೇ ಈ ಲೆಕ್ಕವನ್ನು ಗಣಕಕ್ಕೆ ಸೇರಿಸುವ ಯತ್ನ ನಡೆದಿತ್ತು. ಆದರೆ ತಿದ್ದುಪಡಿಗಳು ಕೈಪುಸ್ತಕದಲ್ಲೇ ಮುಂದುವರಿದವು, ಗಣಕದ ಲೆಕ್ಕ ಹಳತಾಯಿತು. ಗಾಡಿ ಕದಲಲಿಲ್ಲ.

ಮುಂದೆ ಬಂದ ‘ಭೂಮಿ’ ಯೋಜನೆ ಬೇರೆ ದಾರಿ ಹಿಡಿಯಿತು. ರಾಜ್ಯದಲ್ಲಿ ಆಗ ಸುಮಾರು 9,000 ಗ್ರಾಮಲೆಕ್ಕಿಗರಿದ್ದರು. ಯಂತ್ರ ಬಂದರೆ ನಮ್ಮ ಗತಿಯೇನು, ತಪ್ಪಾದರೆ ಹೊಣೆ ಯಾರದು ಎಂಬ ಅಳುಕು ಅವರಲ್ಲಿ ಹುಟ್ಟುವುದು ಸಹಜವೇ. ಅವರನ್ನು ಹೊರಗಿಟ್ಟು ಕೆಲಸ ಸಾಗುವಂತಿರಲಿಲ್ಲ. ಮಾಹಿತಿ ಕೊಟ್ಟವರೂ ಅವರೇ, ಅಚ್ಚಾದ ಪ್ರತಿಯನ್ನು ತಾಳೆ ನೋಡಿದವರೂ ಅವರೇ. ತರಬೇತಿ ಪಡೆದು ತಾಲ್ಲೂಕು ಕಚೇರಿಯ ಗಣಕದ ಮುಂದೆ ಕುಳಿತವರೂ ಅವರಲ್ಲಿದ್ದರು. ಬೆರಳಚ್ಚು ಕೊಟ್ಟ ಅಧಿಕಾರಿಯಷ್ಟೇ ದಾಖಲೆ ತಿದ್ದಬಹುದೆಂಬ ನಿಯಮದಿಂದ ಹೊಣೆ ಯಾರದೆಂಬುದು ಸ್ಪಷ್ಟವಾಯಿತು. ಕೊನೆಗೆ, ಕೈಬರಹದ ಪಹಣಿಗೆ ಮಾನ್ಯತೆಯಿಲ್ಲ ಎಂದು ಹಳೆಯ ದಾರಿಯನ್ನು ಮುಚ್ಚಲಾಯಿತು. 2002ರ ಹೊತ್ತಿಗೆ ಆಗಿನ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕ ಸೇರಿದ್ದವು. 15 ರೂಪಾಯಿ ಕೊಟ್ಟು ನಿಂತವರಿಗೆ ನಿಂತಲ್ಲೇ ಪಹಣಿ!

ಎಲ್ಲವೂ ಲಾಭವೇ ಆಯಿತೆ? ಇಲ್ಲ. ಊರಲ್ಲೇ ಸಿಗುತ್ತಿದ್ದ ಪತ್ರಕ್ಕೆ ಹಂದನಕೆರೆಯಂಥ ಹೋಬಳಿಯ ರೈತ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಬೇಕಾಯಿತು. ದಿನದ ಕೂಲಿ, ಬಸ್ ಚಾರ್ಜು ಎರಡೂ ಹೋದಾಗ ಆತ ಗೊಣಗಿದ್ದರೆ ಅದನ್ನು ಮೊಂಡುತನ ಎನ್ನಲಾದೀತೆ? ಮುಂದೆ ಹೋಬಳಿಯ ನಾಡಕಚೇರಿಗಳಲ್ಲೂ ಪಹಣಿ ಸಿಗುವಂತಾದ ಮೇಲೆ ಆ ಕೊರತೆ ನೀಗಿತು. ವಿರೋಧದಲ್ಲೂ ಕೆಲವೊಮ್ಮೆ ಕಿವಿಗೊಡಬೇಕಾದ ಮಾತಿರುತ್ತದೆ.

ವಿದ್ಯಾರ್ಥಿಗಳೇ, ನಾಳೆ ನೀವು ಸೇರುವ ಕಚೇರಿಯಲ್ಲಿ ಐವತ್ತು ದಾಟಿದವರೊಬ್ಬರು ಹೊಸ ಯಂತ್ರದ ಮುಂದೆ ಹಿಂಜರಿಯಬಹುದು. ನಗಬೇಡಿ, ಪಕ್ಕದಲ್ಲಿ ಕುಳಿತು ತೋರಿಸಿಕೊಡಿ. ಪೋಷಕರೇ, ಮಗ ಹೊಸದೊಂದನ್ನು ಹೇಳಿದಾಗ ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುವ ಮುನ್ನ ಒಂದು ಗಳಿಗೆ ಕೇಳಿಸಿಕೊಳ್ಳಿ. ನಿಂತ ಗಾಡಿಗೆ ಬೇಕಾದದ್ದು ಬರೀ ಚಾಟಿಯೇಟಲ್ಲ, ಚಕ್ರಕ್ಕೆ ಕೊಡುವ ಕೈಯೂ ಹೌದು.