ಶಾಲೆಯಲ್ಲಿ ಮಾದರಿ ವಿಮಾನ: ಹಾರಾಟಕ್ಕಿಂತ ಸಿದ್ಧತೆ ಹಿರಿದು

ವಿದ್ಯಾಸಂಸ್ಥೆಯೊಂದು ತನ್ನ ವಾರ್ಷಿಕ ಸಮಾರಂಭದಲ್ಲಿ ಏನನ್ನು ಪ್ರದರ್ಶಿಸುತ್ತದೆಯೋ ಅದರಿಂದ ಅದರ ಉತ್ಸಾಹವು ತಿಳಿಯುತ್ತದೆ. ಏನನ್ನು ಪ್ರದರ್ಶಿಸಲು ಒಪ್ಪುವುದಿಲ್ಲವೋ ಅದರಿಂದ ಅದರ ವಿವೇಕವು ತಿಳಿಯುತ್ತದೆ. ರೇಡಿಯೋ ನಿಯಂತ್ರಿತ ಮಾದರಿ ವಿಮಾನವೊಂದು ನಮ್ಮ ಶಾಲೆಗೂ ಬೇಕು, ಅದು ಸಮಾರಂಭದ ದಿನ ಸಭಿಕರ ಮೇಲೆ ಹಾರಿ ಹೂವು ಚೆಲ್ಲಬೇಕು ಎಂಬ ಅಪೇಕ್ಷೆಯನ್ನು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆಗಾಗ್ಗೆ ವ್ಯಕ್ತಪಡಿಸುವುದುಂಟು. ಈ ಅಪೇಕ್ಷೆಯ ಪೂರ್ವಾರ್ಧವನ್ನು ನಾವು ಕೃತಜ್ಞತೆಯಿಂದ ಸ್ವೀಕರಿಸಬೇಕು. ಉತ್ತರಾರ್ಧವನ್ನು ಅಷ್ಟೇ ವಿನಯದಿಂದ ನಿರಾಕರಿಸಬೇಕು. ಇದು ಈ ಲೇಖನದ ಅಭಿಪ್ರಾಯ.

ಹಾರುವ ಹಂಬಲ ನಮ್ಮ ನೆಲಕ್ಕೆ ಹೊಸದಲ್ಲ. ಬಾದಾಮಿಯ ಗುಹೆಗಳಲ್ಲಿಯೂ ಹುನಗುಂದ ಸೀಮೆಯ ಐಹೊಳೆಯ ಗುಡಿಗಳಲ್ಲಿಯೂ ಚಾಲುಕ್ಯ ಶಿಲ್ಪಿಗಳು ಗಗನಗಾಮಿಗಳಾದ ಗಂಧರ್ವ ದಂಪತಿಗಳನ್ನು ಕಡೆದಿದ್ದಾರೆ. ರೆಕ್ಕೆಯಿಲ್ಲದ ಆ ದೇಹಗಳು ಹಾರುತ್ತಿವೆಯೆಂದು ನಮಗೆ ತೋರುವುದು ಅಂಗಾಂಗಗಳ ತೂಗಿದ ನಿಲುವಿನಿಂದ. ಕಲ್ಲಿನಲ್ಲಿ ಅದು ಕಲ್ಪನೆಯ ಸಮತೋಲ. ವಿಮಾನದಲ್ಲಿ ಅದು ಲೆಕ್ಕದ ಸಮತೋಲ. ಕರ್ನಾಟಕದಲ್ಲಿ ಆ ಲೆಕ್ಕದ ವಿದ್ಯೆ ಬೇರೂರಿದ್ದು ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಗೊಂಡಾಗ, ಮತ್ತು ೧೯೪೨ರಲ್ಲಿ ಅಲ್ಲಿಯ ಭಾರತೀಯ ವಿಜ್ಞಾನ ಮಂದಿರದಲ್ಲಿ ವೈಮಾನಿಕ ಶಾಸ್ತ್ರದ ವಿಭಾಗ ಆರಂಭವಾದಾಗ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-೨ ತರಬೇತಿ ವಿಮಾನವು ೧೯೫೧ರಲ್ಲಿ ಹಾರಿತು. ಮುಂದೆ ಅದೇ ಕಾರ್ಖಾನೆಯಲ್ಲಿ ಮಾರುತ್ ಯುದ್ಧವಿಮಾನವನ್ನು ಕಟ್ಟುವ ಮೊದಲು ಅದೇ ಅಳತೆಯ, ಎಂಜಿನ್ ಇಲ್ಲದ ಮರದ ವಿಮಾನವೊಂದನ್ನು ಮಾಡಿ, ೧೯೫೯ರಿಂದ ಅದನ್ನು ಡಕೋಟಾ ವಿಮಾನದಿಂದ ಎಳೆಸಿ, ಎಪ್ಪತ್ತಕ್ಕೂ ಹೆಚ್ಚು ಬಾರಿ ಹಾರಿಸಿ ಪರೀಕ್ಷಿಸಿದರು. ಮಾರುತ್ ಹಾರಿದ್ದು ೧೯೬೧ರಲ್ಲಿ. ಮಾದರಿಯೆಂದರೆ ಆಟಿಕೆಯಲ್ಲ, ದೊಡ್ಡ ತಪ್ಪನ್ನು ಚಿಕ್ಕದರಲ್ಲಿಯೇ ಕಂಡುಕೊಳ್ಳುವ ಉಪಾಯ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ರಾಷ್ಟ್ರೀಯ ಕಿರಿಯ ಸೇನಾದಳ, ಅಂದರೆ ಎನ್.ಸಿ.ಸಿ.ಯ ವಾಯುದಳವು ಮಾದರಿ ವಿಮಾನ ನಿರ್ಮಾಣವನ್ನು ತನ್ನ ಶಿಕ್ಷಣದ ಅಂಗವಾಗಿಸಿಕೊಂಡಿರುವುದೂ ಅಖಿಲ ಭಾರತ ವಾಯುಸೈನಿಕ ಶಿಬಿರದಲ್ಲಿ ಅದಕ್ಕಾಗಿ ಸ್ಪರ್ಧೆ ನಡೆಸುವುದೂ ಇದೇ ಕಾರಣಕ್ಕಾಗಿ.

ಆದುದರಿಂದ ದಾನಿಗಳಲ್ಲಿ ಮೊದಲ ವಿನಂತಿ: ಪೆಟ್ಟಿಗೆಯಿಂದ ತೆಗೆದೊಡನೆ ಹಾರುವ ಸಿದ್ಧ ವಿಮಾನವನ್ನು ಕೊಡಬೇಡಿರಿ, ಬಿಡಿಭಾಗಗಳನ್ನು ಕೊಡಿರಿ. ಇಳಕಲ್ಲಿನ ನೇಕಾರರ ಮಕ್ಕಳಿಗೆ ಜೋಡಣೆಯ ಮಹತ್ವವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಯಿಂದೆಳೆಗೆ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ಅವರು ಮನೆಯಲ್ಲಿಯೇ ಕಂಡವರು. ಸೀರೆಯ ಅಂದ ಸೆರಗಿನಲ್ಲಿದ್ದರೆ ಅದರ ಬಾಳಿಕೆ ಕೊಂಡಿಯಲ್ಲಿದೆ. ಮಾದರಿ ವಿಮಾನದಲ್ಲಿಯೂ ಹಾಗೆಯೇ. ಅದು ಮುರಿಯುವುದು ಬಹುಮಟ್ಟಿಗೆ ರೆಕ್ಕೆಯ ನಡುವಿನಲ್ಲಲ್ಲ, ರೆಕ್ಕೆಯು ಒಡಲನ್ನು ಸೇರುವಲ್ಲಿ.

ಜೋಡಣೆಯ ಪ್ರತಿಯೊಂದು ಹಂತವೂ ಒಂದೊಂದು ಪಾಠ. ಬಾಲದ ತುದಿಯಿಂದ ಎರಡೂ ರೆಕ್ಕೆಗಳ ತುದಿಗಳಿಗೆ ದಾರವನ್ನು ಹಿಡಿದು ಅಳೆದರೆ ಎರಡೂ ಅಳತೆ ಸಮವಿರಬೇಕು, ಇದು ರೇಖಾಗಣಿತ. ಹಿಂದಿನಿಂದ ನೋಡಿದಾಗ ರೆಕ್ಕೆ ತಿರುಚಿರಬಾರದು. ಇದು ಕಣ್ಣಿನ ಶಿಕ್ಷಣ. ಬ್ಯಾಟರಿ ಸಹಿತ ವಿಮಾನವನ್ನು ರೆಕ್ಕೆಗಳ ಕೆಳಗೆ ಎರಡು ಬೆರಳುಗಳ ಮೇಲೆ ನಿಲ್ಲಿಸಿದಾಗ ಅದು ಯಾವ ಬಿಂದುವಿನಲ್ಲಿ ಸಮವಾಗಿ ನಿಲ್ಲುತ್ತದೆಯೋ ಅದೇ ಗುರುತ್ವಕೇಂದ್ರ. ಸಾಧಾರಣ ನೇರ ರೆಕ್ಕೆಯ ವಿಮಾನದಲ್ಲಿ ಅದು ರೆಕ್ಕೆಯ ಮುಂದಂಚಿನಿಂದ ಅದರ ಅಗಲದ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಇರತಕ್ಕದ್ದು. ರೆಕ್ಕೆಯ ಅಗಲ ೨೦ ಸೆಂಟಿಮೀಟರ್ ಇದ್ದರೆ ಆ ಬಿಂದು ೫ರಿಂದ ೬.೫ ಸೆಂಟಿಮೀಟರಿನೊಳಗೆ ಬರಬೇಕು. ನಕ್ಷೆಯಲ್ಲಿ ಬೇರೆ ಸೂಚನೆಯಿದ್ದರೆ ಅದೇ ಪ್ರಮಾಣ. ಮೂಗು ತುಸು ಭಾರವಾದರೆ ವಿಮಾನವು ಜಡವಾಗಿ ಹಾರುತ್ತದೆ. ಬಾಲ ಭಾರವಾದರೆ ಹತೋಟಿಗೇ ಸಿಗುವುದಿಲ್ಲ.

ಅನಂತರದ್ದು ನಿಯಂತ್ರಣ ಫಲಕಗಳ ಪರೀಕ್ಷೆ. ಇದನ್ನು ಪ್ರೊಪೆಲರ್ ಕಳಚಿಟ್ಟು, ವಿಮಾನದ ಹಿಂದೆ ನಿಂತು ಮಾಡಬೇಕು. ಸನ್ನೆಯನ್ನು ಬಲಕ್ಕೆ ದೂಡಿದಾಗ ಬಲರೆಕ್ಕೆಯ ಏಲರಾನ್ ಮೇಲೇಳಬೇಕು, ಎಡದ್ದು ಕೆಳಗಿಳಿಯಬೇಕು. ಸನ್ನೆಯನ್ನು ತನ್ನ ಕಡೆಗೆ ಎಳೆದಾಗ ಬಾಲದ ಎಲಿವೇಟರ್ ಮೇಲೇಳಬೇಕು. ತಂತಿಯ ಕೊಕ್ಕೆಯೊಂದು ತಿರುವು ಮುರುವಾಗಿ ಕುಳಿತಿದ್ದರೆ ವಿಮಾನವು ಎಲ್ಲ ಅಪ್ಪಣೆಗಳನ್ನೂ ತಪ್ಪದೆ, ಆದರೆ ವಿರುದ್ಧವಾಗಿ ಪಾಲಿಸುತ್ತದೆ. ಇದನ್ನು ಕ್ಷುಲ್ಲಕವೆಂದು ಬಗೆಯುವವರು ೧೯೩೫ರ ಅಕ್ಟೋಬರ್ ೩೦ರ ಘಟನೆಯನ್ನು ನೆನೆಯಬೇಕು. ಅಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಮಾದರಿ ೨೯೯ ಎಂಬ ಹೊಸ ಬೃಹತ್ ವಿಮಾನವು ನೆಲ ಬಿಟ್ಟ ಸ್ವಲ್ಪದರಲ್ಲಿಯೇ ಬಿದ್ದು ಸುಟ್ಟಿತು. ಎಂಜಿನ್ ಕೆಟ್ಟಿರಲಿಲ್ಲ, ಚಾಲಕನು ಅನನುಭವಿಯೂ ಆಗಿರಲಿಲ್ಲ. ನಿಂತ ವಿಮಾನದ ಫಲಕಗಳು ಗಾಳಿಗೆ ಬಡಿಯದಂತೆ ಹಾಕಿದ್ದ ಬೀಗವನ್ನು ತೆಗೆಯುವುದು ಮರೆತುಹೋಗಿತ್ತು. ಹಾರುವ ಮುನ್ನ ಪಟ್ಟಿಯನ್ನು ಓದಿ ಒಂದೊಂದನ್ನೂ ಪರಿಶೀಲಿಸುವ ಪದ್ಧತಿ ವೈಮಾನಿಕರಲ್ಲಿ ನೆಲೆಗೊಂಡದ್ದು ಈ ದುರಂತದ ತರುವಾಯ. ಬಲ್ಲವನಿಗೂ ಪಟ್ಟಿ ಬೇಕು ಎಂಬುದೇ ಅದರ ತಿರುಳು.

ಬ್ಯಾಟರಿಯ ವಿಷಯದಲ್ಲಿ ಇಮ್ಮಡಿ ಎಚ್ಚರ ಅವಶ್ಯ. ಈಗ ಬಳಕೆಯಲ್ಲಿರುವ ಲಿಥಿಯಂ ಪಾಲಿಮರ್ ಬ್ಯಾಟರಿಯ ಪ್ರತಿಯೊಂದು ಕೋಶವೂ ಪೂರ್ಣ ತುಂಬಿದಾಗ ೪.೨ ವೋಲ್ಟ್ ಇರುತ್ತದೆ. ಅದನ್ನು ಮೀರಿ ತುಂಬಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಅದಕ್ಕೆಂದೇ ಮಾಡಿದ ಚಾರ್ಜರಿನಲ್ಲಿ, ಕಲ್ಲುಹಾಸಿನ ಮೇಲೆ, ಕಾಗದ ಬಟ್ಟೆಗಳಿಂದ ದೂರದಲ್ಲಿ, ಶಿಕ್ಷಕರೊಬ್ಬರು ಎದುರಿಗಿರುವಾಗಲೇ ಅದನ್ನು ತುಂಬಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಮುಚ್ಚಿದ ವಾಹನದೊಳಗೆ ಅದನ್ನು ಬಿಟ್ಟುಹೋಗಲೂಬಾರದು. ಮೈದಾನದಲ್ಲಿ ಮೊದಲು ಕೈಯಲ್ಲಿರುವ ಟ್ರಾನ್ಸ್‌ಮೀಟರನ್ನು ಚಾಲೂ ಮಾಡಿ, ವೇಗದ ಸನ್ನೆ ಕೆಳಗಿರುವುದನ್ನು ಕಂಡು, ಆಮೇಲೆ ವಿಮಾನದ ಬ್ಯಾಟರಿಯನ್ನು ಜೋಡಿಸಬೇಕು. ಮುಗಿಸುವಾಗ ಮೊದಲು ವಿಮಾನ, ಆಮೇಲೆ ಟ್ರಾನ್ಸ್‌ಮೀಟರ್. ಬ್ಯಾಟರಿ ಜೋಡಿಸಿದ ಗಳಿಗೆಯಿಂದ ಪ್ರೊಪೆಲರ್ ತಿರುಗುತ್ತಿದೆಯೆಂದೇ ಭಾವಿಸಿ ಅದರ ಮುಂದೆಯಾಗಲಿ ಪಕ್ಕದಲ್ಲಾಗಲಿ ಯಾರೂ ನಿಲ್ಲಕೂಡದು. ಟ್ರಾನ್ಸ್‌ಮೀಟರಿನ ಶಕ್ತಿಯನ್ನು ಪರೀಕ್ಷೆಗಾಗಿ ತಗ್ಗಿಸಿ, ತಯಾರಕರು ಹೇಳಿದಷ್ಟು ಹೆಜ್ಜೆ ದೂರ ನಡೆದು, ಫಲಕಗಳು ಅಪ್ಪಣೆ ಕೇಳುತ್ತವೆಯೇ ಎಂಬುದನ್ನು ನೋಡಬೇಕು. ಸಂಪರ್ಕ ತಪ್ಪಿದರೆ ಮೋಟಾರು ತಾನಾಗಿ ನಿಲ್ಲುವಂತೆ ಮೊದಲೇ ಅಣಿಗೊಳಿಸಿರಬೇಕು.

ಇಷ್ಟೆಲ್ಲ ಮಾಡಿದ ಮೇಲೆಯೂ ಅದನ್ನು ಜನರ ತಲೆಯ ಮೇಲೆ ಏಕೆ ಹಾರಿಸಬಾರದು? ಭೌತಶಾಸ್ತ್ರದ ಶಿಕ್ಷಕರು ಫಲಕದ ಮೇಲೆ ಈ ಲೆಕ್ಕವನ್ನು ಮಾಡಿಸಲಿ. ಒಂದೂವರೆ ಕಿಲೋ ತೂಕದ ವಿಮಾನವು ಸೆಕೆಂಡಿಗೆ ೧೫ ಮೀಟರ್ ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು ೧೬೯ ಜೂಲ್. ಅದೇ ತೂಕದ ಕಲ್ಲನ್ನು ಹನ್ನೊಂದೂವರೆ ಮೀಟರ್ ಎತ್ತರದಿಂದ, ಎಂದರೆ ಮೂರಂತಸ್ತಿನ ಮಾಳಿಗೆಯ ಮೇಲಿಂದ ಬಿಟ್ಟಾಗ ನೆಲ ಮುಟ್ಟುವ ಶಕ್ತಿಯೂ ಅಷ್ಟೇ. ಪೆಂಡಾಲಿನಲ್ಲಿ ಕುಳಿತ ಮಕ್ಕಳ ಮೇಲೆ ಅಂಥ ಕಲ್ಲನ್ನು ತೂಗಿಬಿಡಲು ನಮ್ಮಲ್ಲಿ ಯಾರೂ ಒಪ್ಪಲಾರರು. ಬಣ್ಣ ಬಳಿದು ರೆಕ್ಕೆ ಕಟ್ಟಿದ ಮಾತ್ರಕ್ಕೆ ಒಪ್ಪುವುದು ತರವೇ? ೨೦೨೧ರ ಆಗಸ್ಟಿನಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಡ್ರೋನ್ ನಿಯಮಗಳು ಇಂಥ ಮಾದರಿಗಳನ್ನೂ ಗಣನೆಗೆ ತೆಗೆದುಕೊಂಡಿವೆ. ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳೆಂದು ವಿಂಗಡಿಸಿವೆ. ಮಾದರಿಯು ಹಾರಿಸುವವನ ಕಣ್ಣಳತೆಯೊಳಗೇ ಇರಬೇಕೆನ್ನುತ್ತವೆ. ಹಾರಿಸುವ ದಿನವೇ ವಲಯದ ನಕ್ಷೆಯನ್ನು ನೋಡುವುದು ಶಾಲೆಯ ಕರ್ತವ್ಯ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ರಕ್ಷಿತ ಸ್ಮಾರಕಗಳ ಬಳಿಯಾಗಲಿ, ಭಕ್ತರು ನೆರೆಯುವ ಕೂಡಲಸಂಗಮದಲ್ಲಾಗಲಿ ಈ ಸಾಹಸ ಬೇಡವೇ ಬೇಡ. ಸುಗ್ಗಿಯಾದ ಮೇಲೆ ಖಾಲಿ ಬಿದ್ದ ಎರೆಹೊಲಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ; ಒಡೆಯನ ಅನುಮತಿ ಪಡೆದು, ಗಾಳಿ ಏಳುವ ಮೊದಲು, ಬೆಳಗಿನ ಹೊತ್ತು ಅಲ್ಲಿ ಹಾರಿಸೋಣ.

ಈಗ ಮುಖ್ಯವಾದ ಮಾತು. ಪಟ್ಟಿಯನ್ನು ಓದುವ ಹೊಣೆಯನ್ನು ವಿದ್ಯಾರ್ಥಿಗೆ ಕೊಡಬೇಕು. ಅದರೊಡನೆ ತಡೆಯುವ ಅಧಿಕಾರವನ್ನೂ ಕೊಡಬೇಕು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೊಕ್ಕೆ ಸಡಿಲವಿದೆ, ಇಂದು ಹಾರಿಸುವುದು ಬೇಡ ಎಂದಳೋ, ಅಂದು ವಿಮಾನ ಹಾರಕೂಡದು. ಅತಿಥಿಗಳು ಆಗಮಿಸಿರಲಿ, ಛಾಯಾಗ್ರಾಹಕರು ಸಿದ್ಧರಾಗಿ ನಿಂತಿರಲಿ, ಮುಖ್ಯೋಪಾಧ್ಯಾಯರಿಗೆ ಮುಜುಗರವಾಗಲಿ, ಆ ಮಾತು ನಡೆಯಬೇಕು. ಹಿರಿಯರ ಮುಂದೆ ವಿನಯದಿಂದಿರುವುದನ್ನು ನಾವು ಚೆನ್ನಾಗಿ ಕಲಿಸಿದ್ದೇವೆ. ಕಂಡ ಸತ್ಯವನ್ನು ಹಿರಿಯರ ಮುಂದೆ ವಿನಯದಿಂದಲೇ ಹೇಳುವುದನ್ನು ಅಷ್ಟು ಚೆನ್ನಾಗಿ ಕಲಿಸಿದ್ದೇವೆಯೇ? ಅನುಭವ ಮಂಟಪದ ಪರಂಪರೆಯನ್ನು ಹೇಳಿಕೊಳ್ಳುವ ಸಂಸ್ಥೆಗೆ ಈ ಪ್ರಶ್ನೆ ಪರಕೀಯವಲ್ಲ. ಅರಿವು ಆಚಾರವಾಗಬೇಕೆಂದು ನಾವು ಬೋಧಿಸುತ್ತೇವೆ; ಸಡಿಲವಾದ ಕೊಕ್ಕೆಯನ್ನು ಕಂಡದ್ದು ಅರಿವು, ಹಾರಾಟವನ್ನು ತಡೆದದ್ದು ಆಚಾರ.

ಇದು ದುಬಾರಿ ಹವ್ಯಾಸ, ಹತ್ತನೆಯ ತರಗತಿಯ ಅಂಕಗಳಿಗೆ ಇದರಿಂದ ಏನು ಲಾಭ ಎಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಅಂಕಗಳು ಹೆಚ್ಚುತ್ತವೆಂದು ಆಶ್ವಾಸನೆ ಕೊಡಲು ಬಾರದು. ಆದರೆ ಆರಂಭಕ್ಕೆ ರೇಡಿಯೋ ಬೇಡ. ಥರ್ಮೋಕೋಲ್ ಹಾಳೆಯಿಂದ ಕತ್ತರಿಸಿ ಕೈಯಿಂದ ಎಸೆಯುವ ಗ್ಲೈಡರಿನಲ್ಲಿಯೇ ಗುರುತ್ವಕೇಂದ್ರದ ಪಾಠ ಮುಗಿಯುತ್ತದೆ. ಅಂಥವನ್ನು ಮಾಡಿ ತಿದ್ದಿ ಪಳಗಿದ ಗುಂಪಿಗೆ ಮಾತ್ರ ಒಂದು ರೇಡಿಯೋ ವಿಮಾನವಿದ್ದರೆ ಇಡೀ ಶಾಲೆಗೆ ಸಾಕು.

ಇಳಕಲ್ಲಿನ ಪೂಜ್ಯ ಮಹಾಂತ ಸ್ವಾಮಿಗಳು ಮಹಾಂತ ಜೋಳಿಗೆಯನ್ನು ಹಿಡಿದು ಜನರಲ್ಲಿ ಬೇಡಿದ್ದು ಹಣವನ್ನಲ್ಲ, ಅವರ ದುಶ್ಚಟಗಳನ್ನು. ಹಣ ಕೊಡುವುದಕ್ಕಿಂತ ಆಸೆಯೊಂದನ್ನು ಬಿಟ್ಟುಕೊಡುವುದು ಕಷ್ಟವೆಂಬುದನ್ನು ಅವರು ಬಲ್ಲವರಾಗಿದ್ದರು. ನಮ್ಮ ದಾನಿಗಳು ಉದಾರಿಗಳು. ಕಾರ್ಯಾಗಾರಕ್ಕೊಂದು ಗಟ್ಟಿ ಮೇಜು, ಒಳ್ಳೆಯ ಚಾರ್ಜರ್, ಬೆಂಕಿಗೆ ಮರಳಿನ ಬಕೀಟು, ಪ್ರಥಮೋಪಚಾರದ ಪೆಟ್ಟಿಗೆ ಇವನ್ನು ಅವರು ಸಂತೋಷದಿಂದ ಒದಗಿಸುವರೆಂಬ ನಂಬಿಕೆಯಿದೆ. ಅದರೊಡನೆ ಸಮಾರಂಭದ ಆಕಾಶದಲ್ಲಿ ವಿಮಾನ ನೋಡುವ ಆಸೆಯನ್ನೂ ಜೋಳಿಗೆಗೆ ಹಾಕಬೇಕೆಂದು ಪ್ರಾರ್ಥನೆ. ಆ ದಿನ ವಿಮಾನವು ಮೇಜಿನ ಮೇಲಿರಲಿ. ಪಕ್ಕದಲ್ಲಿ ಅದನ್ನು ಕಟ್ಟಿದ ಮಕ್ಕಳು, ಅವರ ಕೈಯಲ್ಲಿ ಪರಿಶೀಲನೆಯ ಪಟ್ಟಿ ಇರಲಿ. ದಾನಿಗಳು ಅವರನ್ನು ಪ್ರಶ್ನಿಸಲಿ. ಹಾರಾಟವನ್ನು ಕಾಣಬಯಸುವವರು ಮರುದಿನ ಬೆಳಗಿನ ಜಾವ ಹೊಲದ ಬದುವಿಗೆ ಬರಬಹುದು.