ಕೇಳುವುದಕ್ಕೆ ನಾಚಿಕೆ ಏಕೆ?



ಬೇಸಿಗೆ ಬಂತೆಂದರೆ ನಮಗೆಲ್ಲ ಕೈತುಂಬ ಕೆಲಸ. ಹಪ್ಪಳ, ಸಂಡಿಗೆ, ಮಾವಿನಕಾಯಿ ಉಪ್ಪಿನಕಾಯಿ, ರಜೆಗೆ ಬಂದ ಮಕ್ಕಳ ಗಲಾಟೆ. ಇವೆಲ್ಲದರ ನಡುವೆ ಶಾಲೆಯಿಂದ ಫೀಸಿನ ಚೀಟಿಯೂ ಬಂದು ಬೀಳುತ್ತದೆ. ತಿಂಗಳು ತಿಂಗಳು ಸಂಬಳ ಬರುತ್ತಿದ್ದರೆ ಹೇಗೋ ಹೊಂದಿಸುತ್ತೇವೆ. ಆ ಸಂಬಳವೇ ನಿಂತುಹೋದರೆ?

ತಿಪಟೂರಿನ ಸೋದರಿಯೊಬ್ಬರು ಇದನ್ನೇ ಬರೆದಿದ್ದಾರೆ. ಯಜಮಾನರು ಕೆಲಸಕ್ಕಿದ್ದ ಅಂಗಡಿ ಮುಚ್ಚಿದೆ. ಮಗ ಖಾಸಗಿ ಶಾಲೆಯಲ್ಲಿ ಐದನೇ ತರಗತಿ. "ಶಾಲೆಯವರನ್ನು ಸಹಾಯ ಕೇಳಬಹುದೇ ಅಕ್ಕಾ? ಕೇಳಿದರೆ ಮಗುವನ್ನು ಕೀಳಾಗಿ ಕಾಣುವುದಿಲ್ಲವೇ? ಮನೆ ವಿಷಯ ಬೀದಿಗೆ ತರಬೇಡ ಅಂತ ಅತ್ತೆಯವರು ಹೇಳುತ್ತಾರೆ" ಎಂದು ಅವರ ಅಳಲು.

ಈ ಪ್ರಶ್ನೆಗೆ ಉತ್ತರ ಹುಡುಕಲು ನಾನು ದೂರ ಹೋಗಬೇಕಿಲ್ಲ. ನಮ್ಮ ಮನೆಯಲ್ಲೇ ಇದೆ.

2023ರ ಆಗಸ್ಟಿನಲ್ಲಿ ನಮ್ಮವರ ಕೆಲಸ ಹೋಯಿತು. ಹದಿನಾರು ವರ್ಷ ಒಂದೇ ಕಡೆ ಲೆಕ್ಕ ಬರೆದಿದ್ದರು. ಮಗಳು ಆಗ ಏಳನೇ ತರಗತಿ. ವರ್ಷಕ್ಕೆ 36,000 ರೂಪಾಯಿ ಫೀಸು, ಮೂರು ಕಂತು. ಜೂನ್ ಕಂತು ಕಟ್ಟಿಯಾಗಿತ್ತು. ಸೆಪ್ಟೆಂಬರ್ ಕಂತಿಗೆ ನನ್ನ ಎರಡು ಬಳೆ ಅಡವಿಗೆ ಹೋದವು. ಶಾಲೆಗೆ ಹೋಗಿ ಒಂದು ಮಾತು ಹೇಳೋಣ ಎಂದರೆ ನಮ್ಮವರು, "ಬೇಡ ಕಣೇ, ನನ್ನ ಮರ್ಯಾದೆ ಏನಾಗಬೇಕು?" ಅಂದರು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಇನ್ನೊಂದು ತಿಂಗಳಲ್ಲಿ ಬೇರೆ ಕೆಲಸ ಸಿಗುತ್ತದೆ ಎಂದುಕೊಂಡು ಸುಮ್ಮನಾದೆವು. ಡಿಸೆಂಬರ್ ಕಂತು ಕಟ್ಟಲಾಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಗಳಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಓಮದ ಕಷಾಯ ಮಾಡಿಕೊಟ್ಟೆ, ಜೀರಿಗೆ ನೀರು ಕೊಟ್ಟೆ. ಭಾನುವಾರ ಮಾತ್ರ ನೋವೇ ಇಲ್ಲ! ಕೊನೆಗೆ ಅವಳ ಗೆಳತಿಯ ಬಾಯಿಂದ ವಿಷಯ ತಿಳಿಯಿತು. ಫೀಸು ಬಾಕಿ ಇದ್ದ ನಾಲ್ಕೈದು ಮಕ್ಕಳನ್ನು ಪ್ರಾರ್ಥನೆ ಮುಗಿದ ಮೇಲೆ ಆಫೀಸಿನ ಮುಂದೆ ನಿಲ್ಲಿಸುತ್ತಿದ್ದರಂತೆ. ನಮಗೆ ನೋವಾಗುತ್ತದೆ ಅಂತ ಮಗು ಬಾಯಿ ಬಿಟ್ಟಿರಲಿಲ್ಲ. ನಾವು ಕಾಪಾಡಿಕೊಂಡ ಮರ್ಯಾದೆಯ ಬೆಲೆಯನ್ನು ಹನ್ನೆರಡು ವರ್ಷದ ಹುಡುಗಿ ಕಟ್ಟುತ್ತಿದ್ದಳು.

ಮಾರನೆಯ ದಿನವೇ ಶಾಲೆಗೆ ಓಡಿದೆ. ಪ್ರಿನ್ಸಿಪಾಲರ ಮುಂದೆ ಮಾತೇ ಹೊರಡಲಿಲ್ಲ, ಅಳು ಬಂತು. ಅವರು ನೀರು ಕೊಟ್ಟರು, ಸಮಾಧಾನ ಹೇಳಿದರು, "ಫೀಸಿನ ವಿಷಯ ನಮ್ಮ ಕೈಲಿಲ್ಲಮ್ಮ" ಅಂದರು. ಹೋದ ದಾರಿಗೆ ಸುಂಕವಿಲ್ಲವೆಂದು ವಾಪಸು ಬಂದೆ.

ನಮ್ಮ ಬೀದಿಯ ಕೊನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿದ್ದಾರೆ. ನಾವೆಲ್ಲ ಟೀಚರಮ್ಮ ಅನ್ನುತ್ತೇವೆ. ಅವರು ನನ್ನ ಕಥೆ ಕೇಳಿ, "ನೀನು ಅತ್ತರೆ ಅವರು ಸಮಾಧಾನ ಹೇಳ್ತಾರೆ. ಕಾಗದ ಕೊಟ್ಟರೆ ಉತ್ತರ ಕೊಡಬೇಕಾಗುತ್ತೆ" ಅಂದರು. ಅವರು ಹೇಳಿಕೊಟ್ಟಿದ್ದನ್ನೇ ನಿಮಗೂ ಹೇಳುತ್ತೇನೆ.

ಖಾಸಗಿ ಶಾಲೆಯಲ್ಲಿ ಫೀಸು ಬಿಡುವ ಅಧಿಕಾರ ಸಾಮಾನ್ಯವಾಗಿ ಆಡಳಿತ ಮಂಡಳಿಯದು. ಆದ್ದರಿಂದ ಅರ್ಜಿಯನ್ನು ಮಂಡಳಿಯ ಕಾರ್ಯದರ್ಶಿಯವರ ಹೆಸರಿಗೆ ಬರೆದು ಪ್ರಿನ್ಸಿಪಾಲರ ಮೂಲಕ ಕೊಡಿ. ಒಂದು ಪುಟ ಸಾಕು. ಅದರಲ್ಲಿ ಐದು ವಿಷಯ ಇರಲಿ. ಕೆಲಸ ಯಾವ ತಾರೀಖಿಗೆ ಹೋಯಿತು. ಇದುವರೆಗೆ ಎಷ್ಟು ಫೀಸು ಕಟ್ಟಿದ್ದೀರಿ. ಈಗ ಮನೆಗೆ ಎಷ್ಟು ಬರುತ್ತಿದೆ. ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ. ಎಷ್ಟು ಬಿಡಬೇಕೆಂದು ಕೇಳುತ್ತೀರಿ. "ದಯವಿಟ್ಟು ಏನಾದರೂ ಸಹಾಯ ಮಾಡಿ" ಎಂದು ಬರೆದರೆ ಮಂಡಳಿಯವರಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ಅಂಕಿ ಬರೆದರೆ ಹೌದು ಅಥವಾ ಇಲ್ಲ ಎನ್ನಲೇಬೇಕು.

ಕೆಲಸದಿಂದ ಬಿಡಿಸಿದ ಪತ್ರ, ಕೊನೆಯ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು, ಮಗುವಿನ ಅಂಕಪಟ್ಟಿ ಜೊತೆಗಿಡಿ. ನಾಡಕಚೇರಿಯಿಂದ ತಂದ ಆದಾಯ ಪ್ರಮಾಣ ಪತ್ರ ಇದ್ದರೆ ಅದೂ ಇರಲಿ. ಅರ್ಜಿ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಶಾಲೆಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ, ಕಷ್ಟವನ್ನು ಹಿಗ್ಗಿಸಬೇಡಿ. ಚಿಕ್ಕ ಊರು, ಎಲ್ಲರಿಗೂ ಎಲ್ಲ ಗೊತ್ತಾಗುತ್ತದೆ.

ನಮ್ಮ ಅರ್ಜಿ ಬರೆದದ್ದು ನಮ್ಮವರೇ. ಮೊದಲು ಒಪ್ಪಲಿಲ್ಲ. ಮಗಳು ಆಫೀಸಿನ ಮುಂದೆ ನಿಂತ ವಿಷಯ ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಪೆನ್ನು ತೆಗೆದುಕೊಂಡರು. ಕೆಲಸ ಹೋದ ಮೇಲೆ ಅವರು ಲೆಕ್ಕ ಬರೆದದ್ದು ಅವತ್ತೇ. ನಾನು ಸೀರೆಗೆ ಕುಚ್ಚು ಹಾಕಿ ಸಂಪಾದಿಸುತ್ತಿದ್ದ ಮೂರು ಸಾವಿರವನ್ನೂ ಒಂದು ಸಾಲಿನಲ್ಲಿ ಬರೆದರು. 6,000 ರೂಪಾಯಿ ಬಿಡಬೇಕು, ಉಳಿದ 6,000ವನ್ನು ತಿಂಗಳಿಗೆ 2,000ದಂತೆ ಕಟ್ಟುತ್ತೇವೆ ಎಂದು ಕೇಳಿದೆವು. ಜೊತೆಗೆ ಕೊನೆಯ ಸಾಲು: "ಫೀಸಿನ ವಿಚಾರವನ್ನು ದಯವಿಟ್ಟು ನಮ್ಮೊಡನೆ ಮಾತ್ರ ಮಾತಾಡಬೇಕು, ಮಗುವಿನ ಹತ್ತಿರ ಬೇಡ." ಈ ಸಾಲನ್ನು ನೀವೂ ತಪ್ಪದೆ ಬರೆಯಿರಿ.

ಮೂರು ವಾರಕ್ಕೆ ಉತ್ತರ ಬಂತು. ಕೇಳಿದಷ್ಟು ಸಿಗಲಿಲ್ಲ. 4,000 ಬಿಟ್ಟರು, 8,000ಕ್ಕೆ ನಾಲ್ಕು ತಿಂಗಳ ಗಡುವು ಕೊಟ್ಟರು. ಮಗಳನ್ನು ಹೊರಗೆ ನಿಲ್ಲಿಸುವುದು ನಿಂತಿತು. ಹೊಟ್ಟೆನೋವೂ ನಿಂತಿತು. "ಸೆಪ್ಟೆಂಬರಿನಲ್ಲೇ ಹೇಳಬಾರದಿತ್ತೇನಮ್ಮ" ಎಂದರು ಕಾರ್ಯದರ್ಶಿಗಳು. ಬಾಕಿ ಬೆಳೆದ ಮೇಲೆ ಹೋದರೆ ನಾವು ಬಾಕಿದಾರರು. ಬಾಕಿ ಆಗುವ ಮೊದಲೇ ಹೋದರೆ ಮಾತು ಉಳಿಸಿಕೊಳ್ಳುವ ಮನೆಯವರು. ವ್ಯತ್ಯಾಸ ನೋಡಿ!

ಇನ್ನು ಕಾನೂನಿನ ಮಾತು. ಕೊರೋನಾ ಕಾಲದಲ್ಲಿ, 2020-21ರ ಸಾಲಿಗೆ, ಬೋಧನಾ ಶುಲ್ಕದಲ್ಲಿ ಶೇಕಡ 70 ಮಾತ್ರ ಪಡೆಯಿರಿ ಎಂದು ನಮ್ಮ ಸರ್ಕಾರ ಆದೇಶಿಸಿತ್ತು. ಶಾಲೆಗಳು ಹೈಕೋರ್ಟಿಗೆ ಹೋದವು. ಅದೆಲ್ಲ ಆ ವರ್ಷದ ಮಾತು. ಒಂದು ಮನೆಯಲ್ಲಿ ಕೆಲಸ ಹೋಯಿತೆಂದು ಖಾಸಗಿ ಶಾಲೆ ಫೀಸು ಬಿಡಲೇಬೇಕೆಂಬ ಕಟ್ಟಳೆ ಇಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯಿದೆ ಮಗುವಿಗೆ ಮಾನಸಿಕ ಕಿರುಕುಳ ಕೊಡಬಾರದು ಎನ್ನುತ್ತದೆ. ಎಂಟನೇ ತರಗತಿಯೊಳಗಿನ ಮಗುವನ್ನು ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಗೆ ಸೇರಿಸುವುದಾದರೆ ವರ್ಗಾವಣೆ ಪತ್ರ ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದೂ ಹೇಳುತ್ತದೆ. ತೊಂದರೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಬರೆದುಕೊಡಿ.

ಇದನ್ನು ಹೇಳಲು ಕಾರಣವಿದೆ. ಮರುವರ್ಷ ನಾವು ಏಪ್ರಿಲ್‌ನಲ್ಲೇ ಅರ್ಜಿ ಕೊಟ್ಟೆವು. ಅಷ್ಟರಲ್ಲಿ ನಮ್ಮವರಿಗೆ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು, ಹಿಂದಿನ ಸಂಬಳದ ಅರ್ಧಕ್ಕೆ. ಶಾಲೆಯವರು ಈ ಸಲ ಆಗುವುದಿಲ್ಲ ಎಂದರು. ಮಗಳನ್ನು ಅನುದಾನಿತ ಪ್ರೌಢಶಾಲೆಗೆ ಸೇರಿಸಿದೆವು. ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಹಳೇ ಸಮವಸ್ತ್ರ ಮಡಿಸಿ ಪೆಟ್ಟಿಗೆಗೆ ಇಡುವಾಗ ನಾನೂ ಅತ್ತೆ. ಆದರೆ ಏಪ್ರಿಲ್‌ನಲ್ಲೇ ಉತ್ತರ ತಿಳಿದದ್ದರಿಂದ ಒಳ್ಳೆಯ ಶಾಲೆ ನೋಡಲು ಸಮಯ ಸಿಕ್ಕಿತು. ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆಯೊಂದಿದೆ, ಎನ್.ಎಂ.ಎಂ.ಎಸ್. ಅನ್ನುತ್ತಾರೆ. ತಂದೆತಾಯಿಯ ವರಮಾನ ಮೂರೂವರೆ ಲಕ್ಷ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಮ್ಮ ಹುಡುಗಿಗೆ ಸಿಗಲಿಲ್ಲ. ಆದರೆ ಅದಕ್ಕಾಗಿ ಕೂತು ಓದಿದ್ದು ಲೆಕ್ಕದಲ್ಲಿ ಕೈಹಿಡಿಯಿತು.

ತಿಪಟೂರಿನ ತಂಗಿ, ನಿಮ್ಮ ಅತ್ತೆಯವರಿಗೆ ಹೀಗೆ ಹೇಳಿ: ಮನೆ ವಿಷಯವನ್ನು ನಾವು ಶಾಲೆಗೆ ಹೇಳದಿದ್ದರೆ, ಮಗು ಎಲ್ಲರೆದುರು ನಿಂತು ಹೇಳಬೇಕಾಗುತ್ತದೆ. ಜೂನ್ ಬರುವ ಮೊದಲೇ ಅರ್ಜಿ ಬರೆಯಿರಿ. ಯಜಮಾನರ ಕೈಯಲ್ಲೇ ಬರೆಸಿ, ಇಬ್ಬರೂ ಒಟ್ಟಿಗೆ ಹೋಗಿ. ಇಲ್ಲ ಎಂದರೆ ಮುಂದಿನ ದಾರಿ ಏನೆಂದು ಹೋಗುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ, ಮಗನನ್ನೂ ಕೂರಿಸಿಕೊಂಡು. ಅವರು ಇಲ್ಲ ಅನ್ನಬಹುದು. ಅನ್ನಲಿ. ಕೇಳಿ ಇಲ್ಲವೆನಿಸಿಕೊಂಡವರಿಗೆ ಆ ರಾತ್ರಿ ನಿದ್ದೆಯಾದರೂ ಬರುತ್ತದೆ.

ಏನಾಯಿತೆಂದು ನನಗೆ ಬರೆಯಲು ಮರೆಯಬೇಡಿ.